ಎಡಬದಿಯ ಬೋಲ್ಟ್

ಡ್ಯಾರಿಲ್,

ಇದನ್ನು ಕಳಿಸುವುದಿಲ್ಲ, ಆದರೂ ಕೇಳು. ಹೇಳಿ ಮಾಡಿಸಿದ ಬೇಟೆ ಕೋವಿ ಇವತ್ತು ಕೈಗೆ ಬಂತು. ಅದೇ, ನೀನು ಗೇಲಿ ಮಾಡಿದ್ದು. “ಎರಡು ವರ್ಷ ಯಾರು ಕಾಯ್ತಾರೆ ಮಾರಾಯಾ? ನಾನು ಅಂಗಡಿಯಿಂದ ಕಂಪನಿದು ತಂದಾಯ್ತು. ತಾಂಜಾನಿಯಾದ ಕಾಡುಹಂದಿಗೆ ವ್ಯತ್ಯಾಸ ಗೊತ್ತಾಗ್ತದಾ?” ಅಂತ ನೀನು ಅಂದಿದ್ದೆ. ನನಗೆ ಮೈ ಉರಿಯಿತು. ಇನ್ನು ನನ್ನ ಜೊತೆ ಬೇಟೆಗೆ ಬರಬೇಡ ಎಂದುಬಿಟ್ಟೆ. ನೀನು ಬರಲೂ ಇಲ್ಲ, ನೈರೋಬಿ ಬಿಟ್ಟು ಪರ್ತ್‌ಗೆ ಹೋಗುವಾಗ ಹೇಳಲೂ ಇಲ್ಲ.

ಕೋವಿ ಮಾಡಿದ ಸರ್ದಾರ್ಜಿ, ಹೆಗಲಿಗಿಟ್ಟು ನೋಡಿ ಎಂದರು. ಇಟ್ಟೆ. ಮರದ ಹಿಡಿ ನನ್ನ ತೋಳಿಗೆ ಉದ್ದವಾಯಿತು, ಗುಂಡು ತುಂಬಲು ಎಳೆಯುವ ಬೋಲ್ಟ್ ಎಡಬದಿಗಿತ್ತು. ಅವರ ಮುಖ ಸಪ್ಪಗಾಯಿತು. “ಎಡಗೈಯವರಿಗೆ ಅಂತ ನೀವೇ ಹೇಳಿದ್ರಲ್ಲ?”

ಸರಿಯಾಗಿದೆ ಎಂದೆ.

ಸೌತ್ ಸಿ ಬಡಾವಣೆಯ ಮನೆಗೆ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕೋವಿಯಿಟ್ಟ ಕಪಾಟಿಗೆ ಬೀಗ ಹಾಕುತ್ತೇನೆ, ಮತ್ತೆ ತೆಗೆಯುತ್ತೇನೆ. ಬಲಗೈಯವರ ಕೋವಿಯಲ್ಲಿ ನೀನು ಎಡಗೈಯನ್ನು ಆಚೆ ಚಾಚಿ ಬೋಲ್ಟ್ ಎಳೆಯುವಷ್ಟರಲ್ಲಿ ಹಂದಿ ಓಡಿಹೋಗುತ್ತಿತ್ತು. ನಿನ್ನ ಕಂಪನಿ ಕೋವಿಯೂ ಬಲಗೈಯದೇ ಇರಬೇಕು.

ಹೊರಡುವಾಗ ಸರ್ದಾರ್ಜಿ ಒಂದು ಪೊಟ್ಟಣವನ್ನೂ ಕೊಟ್ಟರು. ಅದರಲ್ಲಿ ನಿನ್ನ ಖಾಕಿ ಜಾಕೆಟ್ ಇದೆ. ನಮ್ಮ ಮನೆಯಿಡೀ ಹುಡುಕಿದ್ದೆಯಲ್ಲ, ಅದು. ತೋಳಿನ ಅಳತೆಗೆಂದು ನಾನೇ ಅವರಿಗೆ ಕೊಟ್ಟಿದ್ದೆ.