ಊದಿದ ಬೆರಳಿನ ಉಂಗುರ

ಅಕ್ಟೋಬರ್ 14, ಮಂಗಳವಾರ

ಬೆರಳು ಇನ್ನೂ ತುರಿಸುತ್ತಿದೆ. ಉಂಗುರ ತುಂಡಾಗಿ ಡಬ್ಬಿಯಲ್ಲಿದೆ. ಬೆಳಿಗ್ಗೆ ಬರಿಗೈಯಲ್ಲಿ ಹಿತ್ತಲ ಪಾರ್ಥೇನಿಯಂ ಕಳೆ ಕಿತ್ತದ್ದೇ ತಪ್ಪು; ಉಂಗುರದ ಬೆರಳು ಊದಿತು.

ಬೆರಳು ಊದಿದರೆ ಮೊದಲು ಉಂಗುರ ತೆಗೆಯಿರಿ, ತಣ್ಣೀರಲ್ಲಿ ಅದ್ದಿ, ಕೆರೆಯಬೇಡಿ ಎಂದು ಬಿಳಿಗೆರೆಯ ಮನೆಮನೆಗೂ ಹೇಳುವ ಆಶಾ ಕಾರ್ಯಕರ್ತೆ ನಾನು. ನನ್ನದನ್ನು ಮಾತ್ರ ತೆಗೆಯಲಿಲ್ಲ. ಮದುವೆಯಲ್ಲಿ ಅತ್ತೆ ಕೊಟ್ಟದ್ದು. ಅರಿಶಿನ ಸುಣ್ಣ ಹಚ್ಚಿ ಉರಿ ಹೆಚ್ಚಿಸಿಕೊಂಡೆ. ಸಂಜೆಗೆ ಬೆರಳು ನೀಲಿಯಾಯಿತು. ಎಣ್ಣೆ ಸವರಿದರೂ ಉಂಗುರ ಜಾರಲಿಲ್ಲ.

ಮಂಗಳವಾರ ಚಿನ್ನ ಕತ್ತರಿಸಲು ಅತ್ತೆ ಒಪ್ಪುವುದಿಲ್ಲವೆಂದು ಮತ್ತೆ ಎಣ್ಣೆ ಸವರುತ್ತ ಕೂತೆ. ಅವರೇ ಚಪ್ಪಲಿ ಮೆಟ್ಟಿದರು.

‘ಏಳವ್ವ, ಚಿನ್ನದ ಅಂಗ್ಡಿಗೆ ಓಗವ. ನಂಗೂ ಇಂಗೇ ಆಗಿತ್ತು. ನಮ್ಮತ್ತೆ ಕತ್ತರ್ಸಾಕೆ ಬುಡ್ನಿಲ್ಲ.’

ಅವರ ಎಡಗೈಯಲ್ಲಿ ಉಂಗುರದ ಬೆರಳು ಅರ್ಧವೇ ಇದೆ. ಕುಡುಗೋಲು ತಾಗಿದ್ದೆಂದುಕೊಂಡಿದ್ದೆ. ಊರವರ ಆರೋಗ್ಯವೆಲ್ಲ ವಿಚಾರಿಸುವವಳು ನಾನು, ಮದುವೆಯಾದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇದನ್ನು ಕೇಳಲಿಲ್ಲ.