ರೇಣಿಗುಂಟದಿಂದ ದೇವನಹಳ್ಳಿಗೆ ಎರಡು ಗಂಟೆ ಎಂದವರಿಗೆ

ದಾದಿಯರನ್ನು ಹೊರದೇಶಕ್ಕೆ ಕಳಿಸಿಕೊಡುವ ಕಚೇರಿಯ ಪ್ರಯಾಣ ವಿಭಾಗದ ಮಾನ್ಯ ಅಧಿಕಾರಿಗಳೇ,

ರೇಣಿಗುಂಟ ವಿಮಾನ ನಿಲ್ದಾಣದಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಎರಡು ಗಂಟೆ ಎಂದು ತಮ್ಮ ಪಟ್ಟಿ ಹೇಳುತ್ತದೆ. ಆ ಪಟ್ಟಿಯ ದಯೆಯಿಂದ ನನ್ನ ತಂಗಿ ಸುನಂದಳಿಗೆ ಮಸ್ಕತ್ತಿನ ವಿಮಾನ ತಪ್ಪಿತು. ಹನ್ನೊಂದು ವರ್ಷ ಇಲ್ಲಿ ದುಡಿದು ಸಂಪಾದಿಸಿದ ಅಲ್ಲಿನ ಆಸ್ಪತ್ರೆ ಕೆಲಸವೂ ತಪ್ಪುವುದರಲ್ಲಿದೆ.

ಅವಳು ವೀಸಾದ ಕಾಗದಪತ್ರಕ್ಕೆಂದು ಹೈದರಾಬಾದಿಗೆ ಹೋಗಿದ್ದಳು. ಹಿಂದಿರುಗಲು ಟಿಕೆಟ್ ತಾವೇ ಕೊಡಿಸಿದಿರಿ. ಹತ್ತಕ್ಕೆ ರೇಣಿಗುಂಟದಲ್ಲಿ ಇಳಿಯಬೇಕು. ದೇವನಹಳ್ಳಿಯ ಕೌಂಟರ್ ಎರಡಕ್ಕೆ ಮುಚ್ಚುತ್ತದೆ. ನಡುವೆ ಊಟಕ್ಕೂ ಸಮಯ ಬಿಟ್ಟಿದ್ದೀರಿ, ಸಂತೋಷ. ಹೈದರಾಬಾದಿನಿಂದ ನೇರವಾಗಿ ಬೆಂಗಳೂರಿಗೇ ಬರಬಹುದಿತ್ತಲ್ಲ ಎಂಬ ಯೋಚನೆ ನಮ್ಮಂಥವರಿಗೆ ಬರುತ್ತದೆ, ಕಚೇರಿಗಳಿಗೆ ಬರುವುದಿಲ್ಲ.

ಹಿಂದಿನ ಸಂಜೆ ಅವಳು ಫೋನಿನಲ್ಲಿ ಹೇಳಿದಾಗಲೇ ಇದು ಆಗುವ ಮಾತಲ್ಲ ಎಂದು ನನಗೆ ಗೊತ್ತಾಯಿತು. ತಮ್ಮ ಕಚೇರಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಆ ದಾರಿಯ ನಡುವೆ ಸಿಗುವ ಮುಳಬಾಗಿಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆ ಕಾರು ಓಡಿಸುವವನು ನಾನು. ಬೆಳಿಗ್ಗೆ ನಾನೇ ರೇಣಿಗುಂಟಕ್ಕೆ ಹೋಗಿ ಕರೆದುಕೊಂಡು ಹೊರಟೆ.

ಪಲಮನೇರು ದಾಟುವಾಗ ಕೇಳಿದಳು: "ಅಣ್ಣಾ, ಇನ್ನೆಷ್ಟು ದೂರ?"

"ಇಲ್ಲೇ ಕಣಮ್ಮ, ಬಂದೇಬಿಡ್ತು."

"ನನ್ ಹತ್ರನಾದ್ರೂ ನಿಜ ಹೇಳಣ್ಣಾ."

ನಾನು ಹೇಳಲಿಲ್ಲ. ತಲುಪಿದಾಗ ಮೂರು ಹತ್ತು. ತಲೆಯ ಮೇಲೆ ಒಂದು ವಿಮಾನ ಹೋಯಿತು. ಕೌಂಟರ್ ಮುಚ್ಚಿ ಒಂದು ಗಂಟೆಯ ಮೇಲಾಗಿತ್ತು.

ಮರುದಿನ ಇಬ್ಬರೂ ತಮ್ಮ ಕಚೇರಿಗೆ ಬಂದೆವು. ಈ ಎರಡು ಗಂಟೆ ಯಾವ ಪುಣ್ಯಾತ್ಮನ ಲೆಕ್ಕ ಎಂದು ಜೋರಾಗಿಯೇ ಕೇಳಿದೆ. ಗುಮಾಸ್ತರು ಕಡತ ತೆಗೆದು ಓದಿದರು: "ಸ್ಥಳೀಯ ವಿಚಾರಣೆ, ಮುಳಬಾಗಿಲು. ಹೇಳಿಕೆ ಕೊಟ್ಟವರು ಕದಿರೇಶ್, ಕಾರು ಚಾಲಕ."

ನಾನೇ. ಆಗ ನೆನಪಾಯಿತು. ಹೋದ ವರ್ಷ ಟೀ ಅಂಗಡಿ ಮುಂದೆ ಕಡತ ಹಿಡಿದವರೊಬ್ಬರು ಬೆವರು ಒರೆಸಿಕೊಳ್ಳುತ್ತಾ, ರೇಣಿಗುಂಟಕ್ಕೆ ಎಷ್ಟು ಹೊತ್ತು ಎಂದಿದ್ದರು. "ಇಲ್ಲೇ ಸಾರ್, ಒಂದ್ ಗಂಟೆ" ಎಂದೆ. ದೇವನಹಳ್ಳಿಗೆ? "ಅದೂ ಇಲ್ಲೇ ಸಾರ್, ಇನ್ನೊಂದ್ ಗಂಟೆ." ಅವರು ಕೂಡಿಸಿಕೊಂಡರು.

ಮಾನ್ಯರೇ, ದಾರಿ ಕೇಳಿದವರಿಗೆ ದೂರ ಅನ್ನಬಾರದು, ಕಾಲು ಸೋಲುತ್ತದೆ ಎಂದು ನಮ್ಮ ಕಡೆ ಹಿರಿಯರು ಹೇಳಿಕೊಟ್ಟಿದ್ದಾರೆ. ಅದು ಉಪಚಾರದ ಮಾತು, ಅಳತೆಯಲ್ಲ. "ನಿಮ್ಮ ಮನೆ ಅಂದ್ಕೊಳ್ಳಿ" ಎಂದು ಯಾರಾದರೂ ಒಳಗೆ ಕರೆದರೆ ತಾವು ಮನೆಯ ಖಾತೆ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳುತ್ತೀರಾ?

ತಪ್ಪು ಸುನಂದಳದಲ್ಲ ಎಂದು ತಾವು ಬರೆದುಕೊಟ್ಟರೆ, ಆ ಆಸ್ಪತ್ರೆ ಮೂವತ್ತನೇ ತಾರೀಖಿನವರೆಗೆ ಜಾಗ ಹಿಡಿದಿಡುತ್ತದಂತೆ. ಹಾಗೆ ಬರೆದುಕೊಡುವ ಮೊದಲು ಪಟ್ಟಿ ತಿದ್ದಬೇಕು, ತಿದ್ದಲು ಮತ್ತೆ ಸ್ಥಳೀಯ ವಿಚಾರಣೆ ಆಗಬೇಕು ಎನ್ನುತ್ತಾರೆ ಗುಮಾಸ್ತರು. ಹಾಗಾದರೆ ನಾಳೆಯೇ ಯಾರನ್ನಾದರೂ ಕಳಿಸಿ. ತಂಗಿ ನನ್ನ ಜೊತೆ ಮಾತು ಬಿಟ್ಟು ಆರು ದಿನವಾಯಿತು. ನನಗೆ ಅನ್ನ ಸೇರುತ್ತಿಲ್ಲ. ಬಂದವರು ಎಷ್ಟೇ ದಣಿದಿರಲಿ, ಮುಖ ನೋಡಿ "ತುಂಬಾ ದೂರ ಸಾರ್, ಐದು ಗಂಟೆ" ಎನ್ನುತ್ತೇನೆ. ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿರುತ್ತೇನೆ. ಅವಳು ಅದನ್ನು ನನ್ನ ಬಾಯಿಂದಲೇ ಕೇಳಬೇಕು.

ಇಂತಿ,
ತಮ್ಮ ಪಟ್ಟಿಯ ಏಕೈಕ ಆಧಾರ,
ಕದಿರೇಶ್, ಕಾರು ಚಾಲಕ, ಮುಳಬಾಗಿಲು