ಹಿಮ್ಮಡಿ ನೆಲಕ್ಕೆ

ತಾರೀಕು ಹನ್ನೊಂದು, ಮಂಗಳವಾರ
ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಗುಂಡೂ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈಕಾಲು, ಹಲ್ಲು, ಕನ್ನಡಕ ಎಲ್ಲ ನೆಟ್ಟಗಿವೆ. ಈಗ ಕುಳಿತುಕೊಂಡು ಓದು. ಎಂಟು ತಿಂಗಳಿಂದ ಈಜು ಕಲಿಯಲು ಹೋಗುತ್ತಿದ್ದೇನೆ ಎಂದು ನಿನಗೆ ಹೇಳುತ್ತಿದ್ದೆನಲ್ಲ, ನಾನು ನೀರಿಗೆ ಇಳಿದೇ ಇಲ್ಲ. ವಿಮಾನ ಹಾರಿಸಲು ಕಲಿಯುತ್ತಿದ್ದೇನೆ! ಎರಡೇ ಸೀಟಿನ ಪುಟ್ಟ ವಿಮಾನ, ಅದರ ಬಾಗಿಲು ನಮ್ಮ ಬೀರುವಿನ ಬಾಗಿಲಿಗಿಂತ ತೆಳು. ಮೊದಲೇ ಹೇಳಿದ್ದರೆ ನೀನು ಆಕಾಶ ಭೂಮಿ ಒಂದು ಮಾಡುತ್ತಿದ್ದೆ. ಅದಕ್ಕೇ ಬಾಯಿ ಹೊಲಿದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಮೂರನೇ ಸುತ್ತು ಮುಗಿಸಿ ಇಳಿಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ನಮ್ಮ ಮೇಷ್ಟರು. ಚಕ್ರಗಳು ರನ್‌ವೇ ಮುಟ್ಟಿದ್ದೇ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ! ಖುಷಿಯಲ್ಲಿ ಒಂದು ಕ್ಷಣ ಮೈಮರೆತೆ ನೋಡು, ವಿಮಾನ ಸರ್ರನೆ ಎಡಕ್ಕೆ ತಿರುಗಿತು. ಹಿಮ್ಮಡಿ ನೆಲಕ್ಕೆ, ಹಿಮ್ಮಡಿ ನೆಲಕ್ಕಿಡ್ರೀ ಅಂತ ಕಿವಿಯಲ್ಲಿ ಮೇಷ್ಟರ ಕೂಗು. ಅಷ್ಟರಲ್ಲಿ ಅಂಚಿನ ದೀಪವೊಂದು ಪುಡಿಯಾಗಿ, ವಿಮಾನ ಹುಲ್ಲಿನ ಮೇಲೆ ಧಡಧಡ ಓಡಿ, ಚರಂಡಿಗೆ ಎರಡು ಮಾರು ಇರುವಾಗ ನಿಂತಿತು.

ಎಂಜಿನ್ ನಿಲ್ಲಿಸಿ, ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿಯೇ ಇಳಿದೆ. ಬೆಂಕಿ ಆರಿಸುವ ಗಾಡಿ ಬಂದಾಗ ನಾನು ಹುಲ್ಲಿನಲ್ಲಿ ಕುಳಿತು ಒಬ್ಬಳೇ ನಗುತ್ತಿದ್ದೆ. ಮೆಕ್ಯಾನಿಕ್ ಬಗ್ಗಿ ನೋಡಿ, ಏನಕ್ಕಾ, ಹುಲ್ಲು ಕೊಯ್ಯೋಕೆ ಹೊರಟಿದ್ರಾ, ಮುಂದಿನ ಚಕ್ರದ ಕಾಲು ಸೊಟ್ಟಗಾಗಿದೆ ಅಷ್ಟೇ, ನಿಮ್ಮ ಪುಣ್ಯ ಅಂದ.

ಆಮೇಲೆ ವರದಿ ಬರೆಯಬೇಕಾಯಿತು. ಸ್ವಲ್ಪ ಗಾಳಿ ಇತ್ತಲ್ಲಮ್ಮಾ, ಗಾಳಿ ಅಂತಲೇ ಬರೀರಿ ಎಂದರು ಆಫೀಸಿನ ಗುಮಾಸ್ತರು. ಬರೆದೂಬಿಟ್ಟೆ. ಮತ್ತೊಮ್ಮೆ ಓದಿ ನೋಡಿ ಹೊಡೆದುಹಾಕಿದೆ. ಪಾಪ, ಗಾಳಿ ಏನು ಮಾಡಿತ್ತು? ವಿಮಾನದ ಪೆಡಲಿನ ಕೆಳಭಾಗ ದಿಕ್ಕಿಗೆ, ಮೇಲ್ಭಾಗ ಬ್ರೇಕಿಗೆ. ಇಳಿಯುವಾಗ ಹಿಮ್ಮಡಿ ನೆಲದ ಮೇಲೇ ಇರಬೇಕು. ನನ್ನದೋ ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು. ಇಡೀ ಪಾದ ಪೆಡಲಿನ ಮೇಲಿಟ್ಟೇ ರೂಢಿ, ಹೊಲಿಗೆ ಮುಗಿಯುತ್ತ ಬಂದರೆ ಮಿಷನ್ ನಿಲ್ಲಿಸಲು ಕಾಲ್ಬೆರಳು ತಾನಾಗಿ ಒತ್ತುತ್ತದೆ. ನೆಲ ಸಿಕ್ಕಿದ ನೆಮ್ಮದಿಯಲ್ಲಿ ಎಡಗಾಲು ಬಟ್ಟೆ ಮುಗಿಯಿತು ಎಂದುಕೊಂಡು ಬ್ರೇಕ್ ಒತ್ತಿಬಿಟ್ಟಿತು! ಹಾಗೆಯೇ ಬರೆದುಕೊಟ್ಟೆ. ಮೇಷ್ಟರು ಎರಡು ಸಲ ಓದಿ, ಇಂಥ ಕಾರಣ ನನ್ನ ಜನ್ಮದಲ್ಲೇ ನೋಡಿಲ್ಲ ಎಂದರು. ಈಗ ಇದನ್ನು ಬರೆಯುವಾಗಲೂ ಮೇಜಿನಡಿ ಹಿಮ್ಮಡಿ ಊರಿಕೊಂಡೇ ಕುಳಿತಿದ್ದೇನೆ.

ಇದರ ಜೊತೆ ಒಂದು ಗುಲಾಬಿ ಬಣ್ಣದ ಫಾರಂ ಇದೆ. ಹೀಗೆ ಎಡವಟ್ಟಾದ ಮೇಲೆ ಐವತ್ತೈದು ದಾಟಿದವರು ಮತ್ತೆ ಹಾರಬೇಕಾದರೆ ಮನೆಯವರೊಬ್ಬರ ಸಹಿ ಬೇಕಂತೆ, ಈ ಶಾಲೆಯ ನಿಯಮ. ನನಗಿರುವುದು ನೀನೊಬ್ಬಳೇ. ನೀನು ಸಹಿ ಹಾಕದಿದ್ದರೆ ನನ್ನ ಹಾರಾಟ ಆ ಹುಲ್ಲಿನಲ್ಲೇ ಮುಗಿಯಿತು. ನನಗೆ ಅಳು ಬರುತ್ತದೆ ಗುಂಡೂ, ನಿಜವಾಗಿ. ಎಷ್ಟು ಬೇಕಾದರೂ ಬೈ, ಆದರೆ ಸಹಿ ಹಾಕಿ ಬೈ.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಗಾಳಿಯ ಮೇಲೆ ತಪ್ಪು ಹೊರಿಸಲು ಮನಸ್ಸು ಬಾರದವಳು ನಿನಗೆ ಸುಳ್ಳು ಹೇಳಿ ಸಹಿ ಪಡೆಯುವುದೇ? ಮೇಷ್ಟರು ಪಕ್ಕದಲ್ಲಿರಲಿಲ್ಲ. ಅವರ ಕೂಗು ಬಂದದ್ದು ನೆಲದಿಂದ, ರೇಡಿಯೋದಲ್ಲಿ. ಎರಡನೇ ಸುತ್ತು ಮುಗಿದಾಗ ಅವರು ಬೆಲ್ಟ್ ಬಿಚ್ಚಿ ಇಳಿದು, ಇನ್ನು ನೀವೊಬ್ಬರೇ ಹೋಗಿಬನ್ನಿ ಅಂದರು. ನಾನೊಬ್ಬಳೇ ಹೋಗಿಬಂದೆ! ಈಗ ಯೋಚಿಸಿ ಸಹಿ ಹಾಕು.